ನಡತೆಯ ಭೇದ: ಸ್ವಭಾವವೋ ಸನ್ನಿವೇಶವೋ?

ಹುಡುಗಿಯರು ಮಿತಭಾಷಿಗಳು, ಸಂಕೋಚಪರರು, ಮನೆಯ ಆವರಣಕ್ಕೆ ಒಗ್ಗಿದವರು. ಹುಡುಗರು ಸಾಹಸಿಗಳು, ಜಗಳಗಂಟರು, ಬಯಲಿಗೆ ಸೇರಿದವರು ಎಂಬ ವಿಂಗಡಣೆ ಶಾಲೆಯ ಕೊಠಡಿಯಿಂದ ಮನೆಯ ಜಗಲಿಯವರೆಗೆ ಬಹುಮಟ್ಟಿಗೆ ಪ್ರಶ್ನಾತೀತವಾಗಿ ಚಲಾವಣೆಯಲ್ಲಿದೆ. ಕಣ್ಣಿಗೆ ಕಾಣುವ ಮಟ್ಟಿಗೆ ಈ ಮಾತು ಪೂರ್ಣ ಸುಳ್ಳೇನೂ ಅಲ್ಲ. ಆದರೆ ಕಂಡದ್ದನ್ನು ವರ್ಣಿಸುವುದು ಬೇರೆ, ಅದನ್ನೇ ಪ್ರಕೃತಿಯ ನಿಯಮವೆಂದು ಸಾರುವುದು ಬೇರೆ. ಈ ಅಂತರವನ್ನು ಅರಿಯಲು ಪುಣೆ ನಗರದ ಚರಿತ್ರೆ ಒಂದು ಉತ್ತಮ ಆಕರವಾಗಿದೆ.

1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಫುಲೆಯವರ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಬಾಲಕಿ ಮುಕ್ತಾಬಾಯಿ, 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಮಹಾರ-ಮಾಂಗರ ದುಃಖವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದಳು. ಸಮಾಜದ ಪ್ರಶ್ನೆಗಳು ಹೆಣ್ಣುಮಕ್ಕಳ ಮನಸ್ಸಿಗೆ ದೂರವಾದವು ಎಂಬ ನಂಬಿಕೆಗೆ ಏಳೇ ವರ್ಷಗಳಲ್ಲಿ ದೊರೆತ ಉತ್ತರವಿದು. ಅಲ್ಲಿಯವರೆಗೆ ಇಲ್ಲವಾಗಿದ್ದದ್ದು ಆಸಕ್ತಿಯಲ್ಲ, ಅಕ್ಷರ ಮತ್ತು ಅವಕಾಶ.

ಇದೇ ನಗರಕ್ಕೆ 1882ರಲ್ಲಿ ಬಂದ ಪಂಡಿತಾ ರಮಾಬಾಯಿಯವರ ಬದುಕು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಅವರು ಜನಿಸಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯಪ್ರದೇಶದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. ತಂದೆತಾಯಿಗಳು ತೀರಿಕೊಂಡ ಮೇಲೆ ಅಣ್ಣ ಶ್ರೀನಿವಾಸನೂ ತಂಗಿ ರಮಾಬಾಯಿಯೂ ಊರೂರು ಅಲೆದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಗೌರವಿಸಿದ್ದು ತಂಗಿಯನ್ನು. ಒಂದೇ ಕುಟುಂಬದ ವಿದ್ಯೆ, ಒಂದೇ ಅಲೆದಾಟ ಮಗನಿಗೂ ಮಗಳಿಗೂ ದೊರೆತಲ್ಲಿ ಸಭಾಕಂಪನವೆಂಬುದು ಹೆಣ್ಣಿನ ಹುಟ್ಟುಗುಣವಾಗಿ ಉಳಿಯಲಿಲ್ಲ. ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಶಿಕ್ಷಣ ಆಯೋಗದ ಮುಂದೆ ಮಹಿಳಾ ಶಿಕ್ಷಕಿಯರು ಮತ್ತು ವೈದ್ಯೆಯರ ಅಗತ್ಯವನ್ನು ಪ್ರತಿಪಾದಿಸಿದವರು ಅದೇ ರಮಾಬಾಯಿ.

ಅದೇ 1882ರಲ್ಲಿ ಪುಣೆಯಲ್ಲಿ ಅಚ್ಚಾದ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ ಗ್ರಂಥವು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಹೆಣ್ಣಿಗೆ ಆರೋಪಿಸಲಾದ ದೋಷಗಳನ್ನು ಒಂದೊಂದಾಗಿ ಪರಿಗಣಿಸಿ, ಅವು ಗಂಡಿನಲ್ಲಿಲ್ಲವೇ ಎಂದು ಲೇಖಕಿ ಪ್ರಶ್ನಿಸಿದರು. ಒಂದೇ ನಡತೆಗೆ ಎರಡು ಅಳತೆಗೋಲುಗಳಿವೆ ಎಂಬುದೇ ಅವರ ವಾದದ ತಿರುಳು.

ಭೇದವನ್ನು ಒಪ್ಪಿಕೊಂಡ ಸುಧಾರಕರೂ ಇದ್ದರು. 1916ರಲ್ಲಿ ಭಾರತೀಯ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಧೋಂಡೋ ಕೇಶವ ಕರ್ವೆಯವರು ಸ್ತ್ರೀಯರ ಜೀವನಕ್ಷೇತ್ರ ಭಿನ್ನವಾದುದರಿಂದ ಅವರ ಪಠ್ಯಕ್ರಮವೂ ಭಿನ್ನವಾಗಿರಬೇಕೆಂದು ನಂಬಿದ್ದರು. ಮಾತೃಭಾಷೆಯ ಮೂಲಕ ಉನ್ನತ ಶಿಕ್ಷಣವೆಂಬ ಅವರ ದೃಷ್ಟಿ ಕ್ರಾಂತಿಕಾರಕವಾದುದು. ಅವರಿಂದ ವಿದ್ಯೆಯ ಬಾಗಿಲು ಸಾವಿರಾರು ಸ್ತ್ರೀಯರಿಗೆ ತೆರೆಯಿತು. ಆದರೂ ಇರುವ ಭೇದಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಿದರೆ ಪಾಠವೇ ಆ ಭೇದವನ್ನು ಪೋಷಿಸುವ ಅಪಾಯವುಂಟು.

ಈ ಸಮಸ್ಯೆಗೆ ಹೊಸ ಬೆಳಕು ಬಂದುದು ಅವರದೇ ಮನೆಯ ಸೊಸೆಯಿಂದ. ಪುಣೆಯ ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಉತ್ತರ ಭಾರತದಲ್ಲಿ ತವರಿನ ಮಗಳಾಗಿ ಸ್ವಚ್ಛಂದವಾಗಿ ಓಡಾಡುವ ಹುಡುಗಿ, ಅಪರಿಚಿತ ಅತ್ತೆಮನೆಯಲ್ಲಿ ಸೆರಗಿನ ಮರೆಯ ಸೊಸೆಯಾಗುತ್ತಾಳೆ. ಸೋದರಮಾವ ಅಥವಾ ಅತ್ತೆಯ ಮಗನನ್ನು ವರಿಸುವ ಪದ್ಧತಿಯುಳ್ಳ ದಕ್ಷಿಣದಲ್ಲಿ ಮಗಳು-ಸೊಸೆಯರ ಈ ಅಂತರ ಅಷ್ಟು ತೀವ್ರವಲ್ಲ. ಇದು ಕನ್ನಡ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಸಂಗತಿ. ಹುಡುಗಿ ಅವಳೇ; ಬದಲಾದದ್ದು ಸುತ್ತಲಿನ ಸಂಬಂಧಗಳು. ನಾಚಿಕೆ, ಮೌನಗಳು ಹೆಣ್ಣಿನ ಸಹಜಧರ್ಮವಾಗಿದ್ದರೆ ಮನೆ ಬದಲಾದೊಡನೆ ಬದಲಾಗುತ್ತಿರಲಿಲ್ಲ.

ಜೈವಿಕ ಅಂಶಗಳನ್ನು ಅಲ್ಲಗಳೆಯುವುದು ಈ ವಾದದ ಉದ್ದೇಶವಲ್ಲ. ಮ್ಯಾಕೋಬಿ ಮತ್ತು ಜ್ಯಾಕ್ಲಿನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಆಕ್ರಮಣಶೀಲತೆಯಂಥ ಕೆಲವು ಅಂಶಗಳಲ್ಲಿ ಭೇದವಿದೆಯೆಂದೂ ಪ್ರಚಲಿತ ನಂಬಿಕೆಗಳಲ್ಲಿ ಹಲವಕ್ಕೆ ಆಧಾರವಿಲ್ಲವೆಂದೂ ತೋರಿಸಿದರು. ಆದರೆ ಚಿಕ್ಕ ಭೇದವೂ ದೊಡ್ಡದಾಗಲು ಅಂಗಳವೇ ಸಾಕು. ಚಿನ್ನಿದಾಂಡಿಗೆ ಬಯಲು ಬೇಕು, ಹತ್ತು ಮಂದಿ ಬೇಕು, ಬಿಡುವಾದ ಸಂಜೆ ಬೇಕು. ಅಳಗುಳಿಮಣೆ ಒಳಮನೆಯಲ್ಲಿ ಇಬ್ಬರೊಳಗೇ ಸಾಗುತ್ತದೆ. ಅಡುಗೆಮನೆಯ ಕರೆ ಬಂದರೆ ಅರ್ಧಕ್ಕೆ ನಿಲ್ಲುತ್ತದೆ. ಗುಂಪಿನಲ್ಲಿ ದನಿಯೆತ್ತುವುದನ್ನು ಒಬ್ಬರು ಅಲ್ಲಿ ಕಲಿತರೆ, ಕರೆಗೆ ಓಗೊಡುವುದನ್ನು ಇನ್ನೊಬ್ಬರು ಇಲ್ಲಿ ಕಲಿಯುತ್ತಾರೆ. ಬಳಿಕ ಎರಡನ್ನೂ ಸ್ವಭಾವವೆಂದು ಕರೆಯಲಾಗುತ್ತದೆ.

ಭಾಷೆಯೂ ಈ ಕಾವಲಿನಲ್ಲಿ ಪಾಲುದಾರ. ಗೆರೆ ದಾಟಿದ ಹುಡುಗಿಗೆ ಕನ್ನಡವು ‘ಗಂಡುಬೀರಿ’ ಎಂಬ ಪದವನ್ನೂ, ಅಳುವ ಹುಡುಗನಿಗೆ ‘ಹೆಣ್ಣಿಗ’ ಎಂಬ ಪದವನ್ನೂ ಸಿದ್ಧವಾಗಿಟ್ಟಿದೆ. ಸ್ವಭಾವವು ಅಷ್ಟು ದೃಢವಾಗಿದ್ದರೆ ಅದನ್ನು ಕಾಯಲು ಬೈಗುಳದ ಅಗತ್ಯವಿರುತ್ತಿರಲಿಲ್ಲ. ಆದ್ದರಿಂದ ತರಗತಿಯಲ್ಲಿ ಮಾತನಾಡದೆ ಕುಳಿತ ವಿದ್ಯಾರ್ಥಿನಿಯನ್ನು ‘ಸಾಧು ಹುಡುಗಿ’ಯೆಂದು ಮೆಚ್ಚುವ ಮುನ್ನ ಅಧ್ಯಾಪಕರು ಆಕೆಗೆ ಮಾತಿನ ಸರದಿ ಎಷ್ಟು ಬಾರಿ ದೊರೆತಿದೆಯೆಂದು ಎಣಿಸಿ ನೋಡುವುದು ಒಳಿತು. ಮುಕ್ತಾಬಾಯಿಗೆ ಆ ಸರದಿ ದೊರೆಯದೆ ಹೋಗಿದ್ದರೆ ಆಕೆಯನ್ನೂ ಸಾಧುವೆಂದೇ ಲೋಕವು ತಿಳಿಯುತ್ತಿತ್ತು.