ಅಮ್ಮನ 61 ಚುಕ್ಕಿ

ಕಳೆದ ವಾರ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೇ ರಂಗೋಲಿಯ ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದು ಕೂತಿದ್ದವು. ತಪ್ಪು ನನ್ನದೇ, ಕೊನೆಗೆ ಹೇಳಬೇಕಾದದ್ದನ್ನ ಮೊದಲೇ ಹೇಳಿಬಿಟ್ಟೆ.

ಪಾರ್ವತಿನಗರದ ನಮ್ಮ ಮನೆ ಮುಂದೆ ಅಮ್ಮ ದಿನಾ ರಂಗೋಲಿ ಹಾಕ್ತಾಳೆ. ಶುಕ್ರವಾರದ್ದು ದೊಡ್ಡದು. ನಡುವಿನ ಸಾಲಿಗೆ 9 ಚುಕ್ಕಿ, ಮೇಲೂ ಕೆಳಗೂ ಸಂದಿನಲ್ಲಿ ಇಡುತ್ತಾ 5ಕ್ಕೆ ಇಳಿಸೋದು. ಒಟ್ಟು 61. ವರ್ಕ್ ಫ್ರಮ್ ಹೋಮ್ ಇರೋದರಿಂದ ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡ್ತೀನಿ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಬೈಕಿನ ಗಾಲಿ ಹಾದಿರುತ್ತೆ.

ಅದನ್ನ ಕೋಡ್‌ನಲ್ಲಿ ಬರೀಬೇಕು ಅನ್ನಿಸ್ತು. ‘ಪ್ರೊಸೆಸಿಂಗ್’ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರು ಮಾಡಿದ್ದು. ನಾಲ್ಕು ಸಾಲು ಬರೆದರೆ ಪರದೆ ಮೇಲೆ ಗೆರೆ ಮೂಡುತ್ತೆ. ಚುಕ್ಕಿ ರಂಗೋಲಿಗೂ ಕಂಪ್ಯೂಟರಿಗೂ ನಂಟು ಹೊಸದೇನಲ್ಲ. 1970ರ ದಶಕದಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ಕೋಲಂಗೆ ವ್ಯಾಕರಣ ಬರೆದಿದ್ದರು.

ಚಿತ್ರ ಬಂತು. ಫ್ಲಿಕರ್‌ಗೆ ತಾನಾಗೇ ಅಪ್‌ಲೋಡ್ ಆಗಲಿ ಅಂತ ಚಿತ್ರ ಉಳಿಸೋ ಸಾಲನ್ನ ‘ಡ್ರಾ’ ಒಳಗೇ ಹಾಕಿದೆ. ಡ್ರಾ ಅನ್ನೋದು ಸೆಕೆಂಡಿಗೆ 60 ಸಲ ಓಡುವ ಭಾಗ! ಊಟ ಮಾಡಿ ಬರೋದ್ರೊಳಗೆ ಫೋಲ್ಡರ್ ತುಂಬಿತ್ತು. ಪುಣ್ಯಕ್ಕೆ ಅಪ್‌ಲೋಡ್ ಕೋಡ್ ಇನ್ನೂ ಜೋಡಿಸಿರಲಿಲ್ಲ. ಫ್ಲಿಕರ್‌ನ ಉಚಿತ ಖಾತೆಗೆ 1000ದ ಮಿತಿ ಬೇರೆ. ಈಗ ಒಂದು ಕೀ ಒತ್ತಿದರೆ ಒಂದೇ ಚಿತ್ರ, ಅದೂ ಬೇರೆ ಥ್ರೆಡ್‌ನಲ್ಲಿ ಹೋಗುತ್ತೆ. ಇಲ್ಲದಿದ್ದರೆ ಅಪ್‌ಲೋಡ್ ಮುಗಿಯೋವರೆಗೂ ಪರದೆ ಹೆಪ್ಪುಗಟ್ಟಿ ನಿಲ್ಲುತ್ತೆ. ಪಿಎನ್‌ಜಿಯಲ್ಲೇ ಕಳಿಸಿ. ಜೆಪೆಗ್‌ನಲ್ಲಿ ಸಣ್ಣ ಗೆರೆಯ ಅಂಚೆಲ್ಲಾ ಕಲಸಿಹೋಗುತ್ತೆ. ಪ್ರೋಗ್ರಾಂಗೆ ಪಾಸ್‌ವರ್ಡ್ ಕೊಡಬೇಕಿಲ್ಲ, ‘ಬರೆಯುವ’ ಅನುಮತಿಯೊಂದೇ ಸಾಕು. ‘ಅಳಿಸುವ’ ಅನುಮತಿ ಕೊಡಲೇಬೇಡಿ.

ಮೊದಲ ಚಿತ್ರ ಹೋದ ಮೇಲೆ ಅಮ್ಮನಿಗೆ ಫೋನ್‌ನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

“ಚೆಂದ ಐತೆ. ಕೆಳಗೆ ನಿನ್ನ ಹೆಸರು ಯಾಕೈತೆ?”

“ನನ್ನ ಅಕೌಂಟ್ ಅಲ್ವಾ ಅಮ್ಮ.”

“ಎಳೆ ನಿಂದೇನು? ಇದು ಸಿರುಗುಪ್ಪದ ನಿಮ್ಮ ದೊಡ್ಡಮ್ಮಂದು. ಆಕಿ ನನಗ ಹೇಳಿಕೊಟ್ಟಿದ್ದು. ನಾನೂ ಕೇಳೇ ಕಲ್ತೀನಿ.”

ಆಗ ಖಾತೆಯ ಸೆಟ್ಟಿಂಗ್ ತೆಗೆದು ನೋಡಿದೆ. ಹಿಂದೊಮ್ಮೆ ಬಳ್ಳಾರಿ ಗುಡ್ಡದ ಕೋಟೆಯ ಫೋಟೋ ಹಾಕುವಾಗ, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನ ಎಲ್ಲಕ್ಕೂ ಇರಲಿ ಅಂತ ಇಟ್ಟಿದ್ದೆ. ರಂಗೋಲಿಗೂ ಅದೇ ಅಂಟಿಕೊಂಡಿತ್ತು. ನಾಳೆ ಯಾರಾದರೂ ಅದನ್ನ ಸೀರೆ ಮೇಲೆ ಅಚ್ಚು ಹಾಕಿ ನನ್ನ ಹೆಸರು ಬರೆದರೆ ಕಾನೂನಿನ ಪ್ರಕಾರ ಅವರ ತಪ್ಪಿಲ್ಲ. ನಾನು ಲೈಸೆನ್ಸ್ ಬದಲಿಸಬಹುದು, ಆದರೆ ಅಷ್ಟರೊಳಗೆ ಇಳಿಸಿಕೊಂಡವರಿಂದ ಆ ಹಕ್ಕು ವಾಪಸ್ ಬರೋದಿಲ್ಲ. ನನ್ನದಲ್ಲದ್ದನ್ನ ನಾನು ಊರಿಗೆ ಹಂಚಿಬಿಟ್ಟಿದ್ದೆ.

ಆವತ್ತೇ ರಾತ್ರಿ ಕೋಡ್ ತಿದ್ದಿದೆ. ಈಗ ಎಲ್ಲ ಚಿತ್ರವೂ ಮೊದಲು ಪ್ರೈವೇಟ್ ಆಗೇ ಹೋಗುತ್ತೆ, ಒಂದು ಪ್ಯಾರಾಮೀಟರ್‌ಗೆ ಸೊನ್ನೆ ಕೊಟ್ಟರೆ ಆಯ್ತು. ಇದು ಫೋಟೋನಾ, ಸ್ಕ್ರೀನ್‌ಶಾಟಾ, ಬೇರೆಯದಾ ಅಂತ ಹೇಳೋದಕ್ಕೂ ಜಾಗ ಇದೆ. ‘ಬೇರೆ’ ಅಂತ ಕೊಟ್ಟೆ. ವಿವರದ ಜಾಗ ಮಾತ್ರ ಖಾಲಿ ಬಿಟ್ಟಿದ್ದೀನಿ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. “ಇಂಟರ್ನೆಟ್‌ನಾಗ ನನ್ನ ಹೆಸರಾ? ಮೊದ್ಲು ತಂದು ತೋರ್ಸು, ಎಳೆ ಸರಿ ಐತೋ ಇಲ್ಲೋ ನೋಡ್ತೀನಿ” ಅಂದಳು.

ಭಾನುವಾರ ಸಿರುಗುಪ್ಪಕ್ಕೆ ಹೊರಟಿದ್ದೀನಿ. ಲ್ಯಾಪ್‌ಟಾಪ್ ಜೊತೆ ರಂಗೋಲಿ ಪುಡಿಯನ್ನೂ ತಗೋ ಅಂತ ಅಮ್ಮ ಹೇಳಿದ್ದಾಳೆ.