ಹೋಮ್ ನೋಡೋಕೆ ಸಂಜೆ ಹೋಗಿ

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೆನಪಿದೆಯಾ? ಮರೆವಿನ ಕಾಯಿಲೆಯ ವೆಂಕೋಬ ರಾವ್ ಇದ್ದದ್ದು ಆರೈಕೆ ಕೇಂದ್ರದಲ್ಲಿ. ಕಳೆದುಹೋಗಿದ್ದು ಮಗನ ಜೊತೆ ಹೊರಗೆ ಹೋದಾಗ. ಹೋಮ್‌ಗೆ ಸೇರಿಸಿದ್ರೆ ಕೈಬಿಟ್ಟ ಹಾಗೆ ಅನ್ನೋ ಲೆಕ್ಕ ಅಷ್ಟು ಸರಳವಲ್ಲ.

ಆದ್ರೆ ಹೋಮ್ ನೋಡೋಕೆ ಸಂಜೆ ಹೊತ್ತಲ್ಲೇ ಹೋಗಿ. ಡಿಮೆನ್ಷಿಯಾ ಇರುವ ಅನೇಕರಿಗೆ ಗೊಂದಲ, ಚಡಪಡಿಕೆ ಹೆಚ್ಚೋದು ಆಗಲೇ. ‘ಮನೆಗೆ ಹೋಗ್ಬೇಕು’ ಅಂತ ಬಾಗಿಲಿಗೆ ಬಂದ ಅಜ್ಜಿಯನ್ನು ಸಿಬ್ಬಂದಿ ಗದರಿಸ್ತಾರಾ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸ್ತಾರಾ, ಗಮನಿಸಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ, ಅವರಿಗೆ ಕನ್ನಡ ಬರುತ್ತಾ, ಕೇಳಿ.

ಸೇರಿಸುವಾಗ ಒಂದು ಹಾಳೆ ಬರೆದುಕೊಡಿ: ಅಮ್ಮನನ್ನು ಮನೇಲಿ ಏನಂತ ಕರೀತಾರೆ, ಕಾಫಿಗೆ ಎಷ್ಟು ಸಕ್ಕರೆ, ಯಾವ ದೇವರನಾಮಕ್ಕೆ ದನಿಗೂಡಿಸ್ತಾರೆ. ಅದನ್ನೆಲ್ಲ ಅವರೇ ಹೇಳಿಕೊಳ್ಳೋಕೆ ಆಗಲ್ಲ.

ಮಾಹಿತಿ ಬೇಕಾದ್ರೆ ಹಿರಿಯರ ಸಹಾಯವಾಣಿ 14567 ಇದೆ.