ಗಳಿಕೆ ಏರಿದರೂ ಬದುಕು ಏರಬಾರದೇ?

ವಿಶ್ವಾಸಕ್ಕಾಗಿ ಪ್ರಾಣ ಕೊಡಬೇಕಾದ ಪ್ರಸಂಗ ಕರ್ನಾಟಕದ ಮಧ್ಯಮವರ್ಗದ ಕ್ರೈಸ್ತರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಬರುವುದು ತಿಂಗಳ ಸಂಬಳ, ವರ್ಷಕ್ಕೊಮ್ಮೆ ಅದರ ಏರಿಕೆ, ಗಲ್ಫಿನಿಂದ ಮಗ ಕಳಿಸುವ ಹಣ. ತಪಸ್ಸು ಕಾಲ ಬಂದಾಗ ಮಂಗಳೂರಿನಿಂದ ಬೆಂಗಳೂರಿನವರೆಗೆ ಇಗರ್ಜಿಗಳಲ್ಲಿ ತ್ಯಾಗದ ಪ್ರಸಂಗ ಕೇಳಿಬರುತ್ತದೆ. ಈಸ್ಟರ್ ಊಟ ಮುಗಿದ ಮೇಲೆ ಅದರ ಲೆಕ್ಕ ಕೇಳುವವರಿಲ್ಲ. ಆದ್ದರಿಂದ ಪ್ರಶ್ನೆಯನ್ನು ಲೆಕ್ಕದ ಭಾಷೆಯಲ್ಲೇ ಇಡೋಣ: ಅನುಕೂಲವಾಗಿರುವ ಕ್ರೈಸ್ತ ಕುಟುಂಬ ತನ್ನ ಖರ್ಚಿಗೆ ಒಂದು ಗೆರೆ ಎಳೆದುಕೊಂಡು, ಅದಕ್ಕಿಂತ ಮೇಲೆ ಬಂದದ್ದನ್ನೆಲ್ಲ ಇಲ್ಲದವರಿಗೆ ಕೊಡಬೇಕೇ?

ಪರ: ಗೆರೆ ಎಳೆಯದಿದ್ದರೆ ‘ಸಾಕು’ ಎನ್ನುವುದು ಬರುವುದೇ ಇಲ್ಲ

ತ್ಯಾಗ ಮಾಡುವುದು ನಮಗೆ ಹೊಸದೇನಲ್ಲ. ಫ್ಲ್ಯಾಟಿನ ಕಂತು ಕಟ್ಟಲು ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಮನೆಯ ಹೊರಗಿರುತ್ತಾರೆ. ಊರಿನಲ್ಲಿ ಎರಡು ಅಂತಸ್ತಿನ ಮನೆ ಎಬ್ಬಿಸಲೆಂದು ಅಪ್ಪ ತನ್ನ ಮಕ್ಕಳ ಬಾಲ್ಯವನ್ನೆಲ್ಲ ದುಬೈಯಲ್ಲೋ ಕುವೈತಿನಲ್ಲೋ ಕಳೆಯುತ್ತಾನೆ. ಮನೆ ಮುಗಿಯುವ ಹೊತ್ತಿಗೆ ಮಕ್ಕಳು ಕೆನಡಾ ಸೇರಿರುತ್ತಾರೆ, ಅಷ್ಟು ಕೋಣೆಗಳ ನಡುವೆ ವಯಸ್ಸಾದ ತಾಯಿ ಒಬ್ಬರೇ. ನಿದ್ದೆ, ಆರೋಗ್ಯ, ನಂಟು ಎಲ್ಲವನ್ನೂ ಕೊಟ್ಟಾಗಿದೆ. ಹೀಗಿರುವಾಗ ‘ತ್ಯಾಗ ಮಾಡುತ್ತೀಯಾ’ ಎಂದು ಕೇಳಿ ಪ್ರಯೋಜನವಿಲ್ಲ. ಯಾರಿಗಾಗಿ ಮಾಡುತ್ತಿದ್ದೀಯಾ ಎಂದು ಕೇಳಬೇಕು.

ಯೇಸು ಈ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ. ಬೆಳೆ ಹೆಚ್ಚಾದಾಗ ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟವನ ಸಾಮತಿ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಅವನು ಕದ್ದನೆಂದಾಗಲಿ, ಆಳುಗಳ ಕೂಲಿ ನುಂಗಿದನೆಂದಾಗಲಿ ಅಲ್ಲಿ ಹೇಳಿಲ್ಲ. ಹೆಚ್ಚು ಬಂದದ್ದೆಲ್ಲ ತನಗೇ ಬಂದದ್ದು ಎಂದುಕೊಂಡ, ಅಷ್ಟೇ ಅವನ ತಪ್ಪು. ನಮ್ಮ ಕಾಲದಲ್ಲಿ ಇದಕ್ಕೆ ತಪ್ಪೆಂಬ ಹೆಸರೇ ಇಲ್ಲ; ‘ಅಭಿವೃದ್ಧಿ’ ಎನ್ನುತ್ತೇವೆ.

ಇದಕ್ಕೆ ಮದ್ದೇನೆಂದು ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಲೆಕ್ಕ ಸಮೇತ ಹೇಳಿದ್ದಾರೆ. ಆಕ್ಸ್‌ಫರ್ಡಿನಲ್ಲಿದ್ದ ಒಬ್ಬನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28 ಖರ್ಚಿಗೆ, 2 ದಾನಕ್ಕೆ. ಮರುವರ್ಷ 60 ಬಂತು. ಖರ್ಚು ಅದೇ 28, ದಾನ 32. ಮೂರನೆಯ ವರ್ಷ 90 ಬಂದಾಗ 62 ಕೊಟ್ಟ, ನಾಲ್ಕನೆಯ ವರ್ಷ 120 ಬಂದಾಗ 92. ಪ್ರಸಂಗದಲ್ಲಿ ವೆಸ್ಲಿ ಹೆಸರು ಹೇಳದಿದ್ದರೂ ಆ ತರುಣ ಅವರೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಇಲ್ಲಿ ಗಮನಿಸಬೇಕಾದ್ದು 28 ಎಂಬ ಅಂಕಿಯನ್ನಲ್ಲ, ಅದು ಅಲುಗಾಡದೆ ನಿಂತದ್ದನ್ನು. ದಶಮಾಂಶ ಕೊಡುವವನು ಹತ್ತರಲ್ಲಿ ಒಂದು ಕೊಟ್ಟು ಉಳಿದ ಒಂಬತ್ತನ್ನು ನೆಮ್ಮದಿಯಿಂದ ತಿನ್ನಬಹುದು. ಸಂಬಳ ಹತ್ತುಪಟ್ಟಾದರೆ ಆ ಒಂಬತ್ತೂ ಹತ್ತುಪಟ್ಟಾಗುತ್ತದೆ. ಗೆರೆ ಹಾಗಲ್ಲ, ಅದು ಏರಿಕೆಯನ್ನೇ ಮುಟ್ಟುತ್ತದೆ.

ಅದೇ ವೆಸ್ಲಿ 1786ರಲ್ಲಿ, ವೃದ್ಧಾಪ್ಯದಲ್ಲಿ, ತಮ್ಮವರನ್ನು ಕುರಿತು ದಿಗಿಲುಪಟ್ಟರು. ಭಕ್ತಿ ದುಡಿಮೆಯನ್ನೂ ಮಿತವ್ಯಯವನ್ನೂ ಕಲಿಸುತ್ತದೆ, ಅವೆರಡೂ ಸೇರಿ ಸಿರಿ ತರುತ್ತವೆ, ಸಿರಿ ಭಕ್ತಿಯನ್ನು ತಿಂದುಹಾಕುತ್ತದೆ ಎಂಬುದು ಅವರ ಅಳಲು. ಅದಕ್ಕೆ ಅವರಿಗೆ ಕಂಡ ದಾರಿ ಒಂದೇ: ಗಳಿಸಿದಂತೆ, ಉಳಿಸಿದಂತೆ, ಕೊಡಲೂ ಬೇಕು.

ಹಣವಿದ್ದರೇನು, ಮನಸ್ಸಿಗೆ ಅಂಟಿಕೊಂಡಿರದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಮನಸ್ಸಿಗೆ ಅಂಟಿದೆಯೋ ಇಲ್ಲವೋ ಎಂಬುದು ಬಿಟ್ಟುಕೊಡುವ ದಿನ ತಾನೇ ಗೊತ್ತಾಗುವುದು? ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಸಿರಿವಂತ ಆಜ್ಞೆಗಳನ್ನೆಲ್ಲ ಪಾಲಿಸಿದ್ದ. ಆಸ್ತಿ ಮಾರೆಂದು ಕೇಳುವವರೆಗೂ ತನಗೆ ಅಂಟು ಇದೆಯೆಂಬುದು ಅವನಿಗೇ ತಿಳಿದಿರಲಿಲ್ಲ.

ನಮ್ಮ ಮದುವೆಗಳನ್ನೇ ನೋಡಿ. ಕರಾವಳಿಯ ಕಥೊಲಿಕರಲ್ಲಿ ರೋಸ್ ಎಂದರೆ ಮದುವೆಯ ಹಿಂದಿನ ದಿನ ವಧುವಿಗೆ, ವರನಿಗೆ ತೆಂಗಿನ ಹಾಲು ಹಚ್ಚಿ, ಹರಸಿ, ಹಾಡು ಹೇಳುವ ಮನೆಯಂಗಳದ ಶಾಸ್ತ್ರ. ಅದೀಗ ಸಭಾಂಗಣಕ್ಕೆ ಹೋಗಿ, ಧ್ವನಿವರ್ಧಕ, ಬೆಳಕು, ಬಫೆ ಎಲ್ಲ ಸೇರಿ ಇನ್ನೊಂದು ಮದುವೆಯೇ ಆಗಿದೆ. ಉಳ್ಳವರು ಮಾಡಿದ್ದನ್ನು ಇಲ್ಲದವರು ಸಾಲ ತಂದು ಮಾಡುತ್ತಾರೆ. ಒಬ್ಬನ ಅನುಕೂಲ ನೆರೆಯವನಿಗೆ ಒತ್ತಡವಾಗುತ್ತದೆ. ಹಾಗೆಯೇ ಒಬ್ಬ ಅನುಕೂಲಸ್ಥ ತನ್ನ ಮಗಳ ಮದುವೆಯನ್ನು ಸರಳವಾಗಿ ಮಾಡಿದರೆ ಆ ಊರಿನ ಹತ್ತು ಬಡ ಅಪ್ಪಂದಿರಿಗೆ ತಲೆಯೆತ್ತಿ ಸರಳ ಮದುವೆ ಮಾಡುವ ಧೈರ್ಯ ಬರುತ್ತದೆ. ದಾನದ ರಸೀದಿಯಲ್ಲಿ ಈ ಉಪಕಾರ ಕಾಣುವುದಿಲ್ಲ.

ಇದು ಸಂತರಿಗೆ ಮಾತ್ರ ಸಾಧ್ಯ ಎನ್ನುವವರು ಮಿಜೋರಾಮಿನ ಅಡುಗೆಮನೆಗಳನ್ನು ನೋಡಲಿ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಒಂದು ರೂಢಿ ಶುರುಮಾಡಿದರು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಸಭೆಗೆಂದು ಬೇರೆ ಇಡುವುದು. ಮಿಜೋ ಭಾಷೆಯಲ್ಲಿ ಅದು ‘ಬುಹ್‌ಫಾಯ್ ಥಾಮ್’. ಆ ಅಕ್ಕಿ ಮಾರಿ ಬಂದ ಹಣ ಇಂದು ಕೋಟಿಗಟ್ಟಲೆ. ಅದು ಉಂಡು ಮಿಕ್ಕಿದ ಅಕ್ಕಿಯಲ್ಲ, ಒಲೆಗೆ ಇಡುವ ಮೊದಲೇ ತೆಗೆದದ್ದು.

ಗೆರೆ ಎಲ್ಲಿ ಎಳೆಯಬೇಕೆಂದು ಬಿಷಪ್ಪರು ಹೇಳಬೇಕಿಲ್ಲ. ಮಕ್ಕಳ ಓದು, ಅಪ್ಪ ಅಮ್ಮನ ಔಷಧ, ಬೆಲೆಯೇರಿಕೆ ಎಲ್ಲವನ್ನೂ ಸೇರಿಸಿ ಕುಟುಂಬವೇ ಕೂತು ಬರೆಯಲಿ. ನಂಬಿಕೆಯ ಎರಡು ಮೂರು ಕುಟುಂಬಗಳಿಗೆ ತೋರಿಸಲಿ. ಇಲ್ಲವಾದರೆ ಎಲ್ಲಿ ನಿಲ್ಲಬೇಕೆಂದು ನಮಗೆ ಹೇಳುವವರು ಜಾಹೀರಾತುದಾರರು, ಮತ್ತು ಅವರು ಎಂದೂ ನಿಲ್ಲು ಎನ್ನುವುದಿಲ್ಲ.

ವಿರೋಧ: ಎಲ್ಲರಿಗೂ ಗೆರೆ ಎಳೆಯುವುದು ಸುವಾರ್ತೆಯಲ್ಲ

ವೆಸ್ಲಿಯವರ ಲೆಕ್ಕ ಕೇಳಲು ಚೆನ್ನ. ಆದರೆ ಆ ತರುಣ ಯಾರು? ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನ ಫೆಲೋ, ಅವಿವಾಹಿತ. ಇರಲು ಕಾಲೇಜಿನ ಆಸರೆ, ಸಾಕಲು ಮಕ್ಕಳಿಲ್ಲ. 28 ಪೌಂಡಿನಲ್ಲಿ ಅವನು ಬದುಕಿದ್ದು ನಿಜ; ನಾಲ್ಕು ಮಂದಿಯ ಸಂಸಾರಕ್ಕೆ ಅದನ್ನೇ ಮೇಲ್ಪಂಕ್ತಿ ಮಾಡುವುದು ಸನ್ಯಾಸಿಯ ಲೆಕ್ಕದಲ್ಲಿ ಗೃಹಸ್ಥನನ್ನು ಅಳೆದಂತೆ. ಕಥೊಲಿಕ ಸಭೆ ಬಡತನದ ವ್ರತವನ್ನು ಮಠವಾಸಿಗಳಿಗೆ ಇಟ್ಟಿದೆಯೇ ಹೊರತು ಎಲ್ಲ ವಿಶ್ವಾಸಿಗಳ ಮೇಲೂ ಹೊರಿಸಲಿಲ್ಲ. ಕರೆ ಬೇರೆಬೇರೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಸುವಾರ್ತೆಯಲ್ಲೂ ಹಾಗೆಯೇ. ಆ ಸಿರಿವಂತನಿಗೆ ಎಲ್ಲವನ್ನೂ ಮಾರು ಎಂದ ಯೇಸು, ಅರ್ಧ ಕೊಡುತ್ತೇನೆಂದ ಜಕ್ಕಾಯನಿಗೆ ಇನ್ನರ್ಧ ಎಲ್ಲಿ ಎಂದು ಕೇಳಲಿಲ್ಲ. ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳೂ ಇತರ ಸ್ತ್ರೀಯರೂ ತಮ್ಮ ಆಸ್ತಿಯಿಂದ ಯೇಸುವಿನ ಬಳಗವನ್ನು ಪೋಷಿಸಿದರೆಂದು ಲೂಕ ಬರೆಯುತ್ತಾನೆ. ಆಸ್ತಿ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಯೇಸುವಿನ ದೇಹವನ್ನು ಇಟ್ಟದ್ದು ಅರಿಮಥಾಯದ ಯೋಸೇಫನೆಂಬ ಐಶ್ವರ್ಯವಂತ ತನಗಾಗಿ ಕೊರೆಸಿದ್ದ ಸಮಾಧಿಯಲ್ಲಿ. ಭೂಮಿ ಮಾರಿದ ಹಣದಲ್ಲಿ ಒಂದಿಷ್ಟು ಬಚ್ಚಿಟ್ಟ ಅನನೀಯನಿಗೆ ಪೇತ್ರ ಹೇಳಿದ್ದೇನು? ಮಾರುವ ಮೊದಲೂ ಮಾರಿದ ಮೇಲೂ ಅದು ನಿನ್ನದೇ ಆಗಿತ್ತು, ಸುಳ್ಳು ಏಕೆ ಹೇಳಿದೆ ಎಂದು. ಪೌಲನೂ ಕೊರಿಂಥದವರಿಗೆ ದಾನದ ಮಾತು ಬರೆಯುವಾಗ, ಬೇರೆಯವರ ಹೊರೆ ಇಳಿಸಿ ನಿಮ್ಮ ಮೇಲೆ ಹೇರುವುದು ತನ್ನ ಉದ್ದೇಶವಲ್ಲವೆಂದು ಬಿಡಿಸಿ ಹೇಳಿದ.

ಇನ್ನು ಆಡಂಬರ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸು ನೀರು ಕುಡಿಯಿರಿ ಎನ್ನಲಿಲ್ಲ. ಆರು ಕಲ್ಲಿನ ಬಾನೆಗಳಷ್ಟು ಒದಗಿಸಿದರು. ಬೇಥಾನ್ಯದಲ್ಲಿ ಮರಿಯಳು ಜಟಾಮಾಂಸಿ ತೈಲವನ್ನು ಅವರ ಪಾದಕ್ಕೆ ಸುರಿದಳು; ಅದರ ಬೆಲೆ ಒಬ್ಬ ಕೂಲಿಯವನ ವರ್ಷದ ದುಡಿಮೆಗೆ ಹತ್ತಿರ ಹತ್ತಿರ, 300 ದಿನಾರಿ. ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಲೆಕ್ಕ ತೆಗೆದವನು ಯೂದ. ಲೆಕ್ಕ ಕೇಳುವವರೆಲ್ಲ ಯೂದರೆಂದು ನಾನು ಹೇಳುತ್ತಿಲ್ಲ. ಎಲ್ಲ ಖರ್ಚನ್ನೂ ಅನ್ನದ ತಕ್ಕಡಿಯಲ್ಲಿಟ್ಟು ತೂಗಲು ಯೇಸು ಒಪ್ಪಲಿಲ್ಲ, ಅಷ್ಟೆ.

‘ಅನುಕೂಲಸ್ಥ’ ಎನ್ನುವಾಗ ನಮ್ಮ ಕಣ್ಣ ಮುಂದೆ ಯಾರಿದ್ದಾರೆ ಎಂಬುದೂ ಮುಖ್ಯ. ಮೂರು ತಲೆಮಾರಿನಿಂದ ತೋಟ, ಬಂಗಲೆ ಇರುವವರು ಸರಳತೆಯನ್ನು ಆಯ್ದುಕೊಂಡರೆ ಅದು ಗುಣವೆನಿಸುತ್ತದೆ. ಕೇರಿಯಿಂದ ಬಂದು ಈಗಷ್ಟೇ ಆರ್‌ಸಿಸಿ ಮನೆ ಕಂಡ ದಲಿತ ಕ್ರೈಸ್ತ ಕುಟುಂಬಕ್ಕೆ ಅದೇ ಮಾತನ್ನು ಹೇಳಿದರೆ? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಆ ಮೀಸಲಾತಿಯ ಆಸರೆ ತಪ್ಪಿದ ಮನೆಗೆ ಉಳಿತಾಯವೇ ರಕ್ಷಣೆ. ವಿಶ್ವಾಸಕ್ಕೆ ಅವರು ತೆರಬೇಕಾದದ್ದನ್ನು ಸಭೆ ಸೇರಿದ ದಿನವೇ ತೆತ್ತಿದ್ದಾರೆ. ಗೆರೆ ಎಳೆಯುವ ಕೆಲಸ ಮನೆಯೊಳಗೆ ಹೇಗೆ ನಡೆಯುತ್ತದೆ ಎಂಬುದನ್ನೂ ಯೋಚಿಸಬೇಕು. ‘ಕುಟುಂಬ ಕೂತು ಬರೆಯಲಿ’ ಎಂದಾಗ ಬಹಳ ಮನೆಗಳಲ್ಲಿ ಬರೆಯುವವನು ಯಜಮಾನ, ಸರಳತೆಯನ್ನು ಅರೆಯುವವಳು, ಒಗೆಯುವವಳು, ಉಜ್ಜುವವಳು ಹೆಂಡತಿ.

ಮಿಜೋರಾಮಿನ ಹಿಡಿ ಅಕ್ಕಿಗೆ ನನ್ನ ನಮಸ್ಕಾರವೂ ಇದೆ. ಆದರೆ ಅದು ಪಾಲು, ಗೆರೆಯಲ್ಲ. ಬಡವಳೂ ಒಂದು ಹಿಡಿ ತೆಗೆದಿಡುತ್ತಾಳೆ, ಅನುಕೂಲಸ್ಥಳೂ ತೆಗೆದಿಡುತ್ತಾಳೆ; ಉಳಿದ ಅಕ್ಕಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನೂರು ವರ್ಷ ದಾಟಿಯೂ ಅದು ಉಳಿದದ್ದು ಬಹುಶಃ ಆ ಕಾರಣಕ್ಕೇ.

ಕೊಟ್ಟು ಮುಗಿಸಿದ ಹಣಕ್ಕಿಂತ ದುಡಿಸಿದ ಹಣ ಹೆಚ್ಚು ಜನರಿಗೆ ಅನ್ನ ಕೊಡುವುದೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ಪಾಠವನ್ನು ಬೇಗ ಕಲಿಯಿತು. ಕ್ರೈಸ್ತರಾದವರು ಜಾತಿಯ ಜೊತೆಗೆ ಕುಲಕಸುಬನ್ನೂ ಒಕ್ಕಲನ್ನೂ ಕಳೆದುಕೊಂಡಾಗ ಅವರಿಗೆ ದಾನ ಹಂಚುತ್ತ ಕೂರುವಂತಿರಲಿಲ್ಲ. ನೇಯ್ಗೆ ಶುರುವಾಯಿತು, 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಹೆಸರಾದದ್ದು ಅಲ್ಲಿಂದ. ‘ಮೇಲಿನದ್ದೆಲ್ಲ ದಾನಕ್ಕೆ’ ಎಂದು ಆ ಬಂಡವಾಳವನ್ನು ಹಂಚಿದ್ದರೆ ಒಂದು ಮಳೆಗಾಲ ಕಳೆಯುತ್ತಿತ್ತು. ಕಾರ್ಖಾನೆಯಿಂದ ತಲೆಮಾರುಗಳಿಗೆ ಕೆಲಸ ಸಿಕ್ಕಿತು.

ನನ್ನ ದೊಡ್ಡ ತಕರಾರು ಬೇರೆಯದೇ. ಹಣಕ್ಕೆ ಎಳೆದ ಗೆರೆ ನಮ್ಮ ಉಳಿದ ಸುಖಗಳನ್ನೆಲ್ಲ ಅದರಾಚೆ ಬಚ್ಚಿಡುತ್ತದೆ. ಮದುವೆಯನ್ನು ಸರಳವಾಗಿ ಮಾಡಿಯೂ, ಜಾತಿಯಲ್ಲಿ ಬಮೊಣ್ ಯಾರು, ಚಾರೊಡಿ ಯಾರು ಎಂದು ವಿಚಾರಿಸಿಯೇ ಸಂಬಂಧ ಕುದುರಿಸಿದವನು ಯಾವ ತ್ಯಾಗ ಮಾಡಿದಂತಾಯಿತು? ಹಳೆಯ ಕಾರಿನಲ್ಲೇ ಓಡಾಡುತ್ತ, ಮನೆಗೆಲಸದವಳಿಗೆ ವಾರದ ರಜೆ ಕೊಡಲು ಮುಖ ಗಂಟಿಕ್ಕುವವರು ಎಷ್ಟು ಮಂದಿ? ಯಾಕೋಬನ ಪತ್ರ ಸಿರಿವಂತರ ಮೇಲೆ ಹರಿಹಾಯುವುದು ಅವರ ಸುಖಭೋಗಕ್ಕಾಗಿ ಮಾತ್ರವಲ್ಲ, ಹೊಲ ಕೊಯ್ದವರ ಕೂಲಿ ತಡೆಹಿಡಿದಿದ್ದಕ್ಕಾಗಿ. ಲಂಚ ಕೊಡಲೊಪ್ಪದೆ ಗುತ್ತಿಗೆ ಕಳೆದುಕೊಳ್ಳುವುದು, ಜಮೀನಿನ ಪೂರಾ ಬೆಲೆಯನ್ನು ಪತ್ರದಲ್ಲಿ ತೋರಿಸಿ ಮುದ್ರಾಂಕ ಶುಲ್ಕ ಕಟ್ಟುವುದು, ದಲಿತ ಸೊಸೆಯನ್ನು ಬಂಧುಗಳೆದುರು ಹೆಮ್ಮೆಯಿಂದ ಕರೆತರುವುದು: ಇವಕ್ಕೆಲ್ಲ ತೆರಬೇಕಾದ ಬೆಲೆ ದೊಡ್ಡದು, ಇವು ಯಾವ ಖರ್ಚಿನ ಪಟ್ಟಿಯಲ್ಲೂ ಬರುವುದಿಲ್ಲ. ಖರ್ಚು ಕಡಿಮೆ ಮಾಡಿದವನಿಗೆ ಊರಿನ ಗೌರವವಾದರೂ ಸಿಗುತ್ತದೆ. ಈ ಕೆಲಸಗಳನ್ನು ಮಾಡಿದವನು ಅದನ್ನೂ ಕಳೆದುಕೊಳ್ಳಬೇಕಾದೀತು. ಇಂದಿನ ಅನುಕೂಲಸ್ಥ ಕ್ರೈಸ್ತನ ಎದುರು ಶಿಲುಬೆ ಇರುವುದಾದರೆ ಅಲ್ಲಿದೆ. ಅದನ್ನು ಹೊತ್ತವನ ಮನೆಯಲ್ಲಿ ಹೊಸ ಸೋಫಾ ಇದೆಯೇ ಎಂದು ಇಣುಕಿ ನೋಡುವ ಅಗತ್ಯ ನನಗಿಲ್ಲ.